ಸುಮ್ಮನೆ ನಡೆದರೆ ಏನು ತಪ್ಪು?

ಕೊಡ ಹೊತ್ತು ಎರಡು ಮೈಲಿ ನಡೆಯುವ ಹೆಂಗಸನ್ನು ಯಾರೂ ತಲೆಯೆತ್ತಿ ನೋಡುವುದಿಲ್ಲ. ಬರಿಗೈಲಿ ನಡೆದರೆ ಊರೆಲ್ಲ ನೋಡುತ್ತದೆ. ಇದು ನನಗೆ ತಿಳಿದದ್ದು ಐವತ್ತು ದಾಟಿದ ಮೇಲೆ, ಒಂದು ಭಾನುವಾರ.

ಇಂಗ್ಲೆಂಡಿನಲ್ಲಿರುವ ಅಕ್ಕನ ಮಗಳು ಫೋನಿನಲ್ಲಿ, "ಚಿಕ್ಕಮ್ಮ, ಇವತ್ತು ಒಬ್ಬಳೇ ಥೇಮ್ಸ್ ದಡದಲ್ಲಿ ಸಂಜೆವರೆಗೂ ನಡೆದೆ" ಎಂದಿದ್ದಳು. ಹಿಂದೆ ಕುದುರೆಗಳು ದಡದಲ್ಲಿ ನಡೆದು ಸರಕಿನ ದೋಣಿಗಳನ್ನು ಹಗ್ಗದಿಂದ ಎಳೆಯುತ್ತಿದ್ದ ಹಾದಿಗಳನ್ನು ಕೂಡಿಸಿ, 1996ರಲ್ಲಿ ಸುಮಾರು 300 ಕಿ.ಮೀ. ಕಾಲುದಾರಿ ತೆರೆದರಂತೆ. ಯಾಕೆ ನಡೆದೆ ಎಂದು ನಾನೂ ಕೇಳಿಬಿಟ್ಟೆ! "ಸುಮ್ಮನೆ" ಎಂದಳು.

ನಮಗೂ ಹೊಳೆಯಿದೆಯಲ್ಲ. ದೇವರಾಯನದುರ್ಗದಲ್ಲಿ ಹುಟ್ಟಿ, ಕೊರಟಗೆರೆ, ಮಧುಗಿರಿ ಸೀಮೆ ಹಾದು, ಆಂಧ್ರದಲ್ಲಿ ಉತ್ತರ ಪಿನಾಕಿನಿ ಸೇರುವ ಜಯಮಂಗಲಿ. ಸಹೋದ್ಯೋಗಿಯೊಬ್ಬರನ್ನು ಹೊರಡಿಸಿ, ಬುತ್ತಿ ಕಟ್ಟಿಕೊಂಡು, ಹೊಳವನಹಳ್ಳಿ ಕಡೆಯಿಂದ ಮೇಲ್ಮುಖವಾಗಿ ದಡ ಹಿಡಿದೆವು.

ದಡ ಎಂದೆನೆ? ಎಲ್ಲಿದೆ ದಡ? ಬಳ್ಳಾರಿ ಜಾಲಿ ಸೀರೆ ಹಿಡಿದು ಜಗ್ಗುತ್ತದೆ. ಜಾಲಿ ಮುಗಿದಲ್ಲಿ ತಂತಿಬೇಲಿ ಹೊಳೆಯೊಳಕ್ಕೇ ಇಳಿದಿದೆ. ಬೇಲಿ ತಪ್ಪಿಸಿ ಕೆಳಗಿಳಿದರೆ ಮರಳು ಬಗೆದ ಆಳುದ್ದದ ಗುಂಡಿಗಳು. ನಾನು ಚಿಕ್ಕವಳಿದ್ದಾಗ ಇದೇ ಮರಳನ್ನು ಕೈಯಲ್ಲಿ ತೋಡಿದರೆ ಒರತೆ ಬರುತ್ತಿತ್ತು. ಮಧುಗಿರಿ, ಕೊರಟಗೆರೆ, ಸಿರಾ, ಪಾವಗಡದ ಹಿರಿಯರು ಅಂಥ ಒರತೆಗೆ ತಲಪರಿಗೆ ಎಂದು ಹೆಸರಿಟ್ಟು, ಹೂಳೆತ್ತಿ, ಕಾಲುವೆ ತೆಗೆದು ಗದ್ದೆಗೆ ಹರಿಸುತ್ತಿದ್ದರು. ನೀರು ಹಿಡಿದಿಡುತ್ತಿದ್ದ ಮರಳು ಲಾರಿ ಹತ್ತಿತು. ಉಳಿದ ನೀರನ್ನು ಕೊಳವೆಬಾವಿ ಹೀರಿತು. 2022ರ ಮಳೆಗೆ ಹೊಳೆ ತುಂಬಿ ಹರಿದಾಗ ನೋಡಲು ಓಡಿದೆವು, ಅರಿಶಿನ ಕುಂಕುಮ ಹಾಕಿದೆವು. ಮರಳಿನ ಲೆಕ್ಕ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಆದರೆ ಜಾಲಿಗಿಂತ ಹೆಚ್ಚು ಚುಚ್ಚಿದ್ದು ಮಾತು. "ಬಸ್ಸು ತಪ್ಪೋಯ್ತಾ ಅಮ್ಮೋರೇ?" "ಗಣತಿಗೆ ಬಂದ್ರಾ?" "ಜೊತೇಲಿ ಗಂಡಸ್ರು ಯಾರೂ ಇಲ್ವಾ?" ಹತ್ತನೆಯವರೋ ಹನ್ನೊಂದನೆಯವರೋ ಟ್ರ್ಯಾಕ್ಟರ್ ನಿಲ್ಲಿಸಿ ಕೇಳಿದಾಗ, "ಗೊರವನಹಳ್ಳಿ ಲಕ್ಷ್ಮಿಗೆ ಹರಕೆ" ಎಂದುಬಿಟ್ಟೆ. ಅಷ್ಟೇ! ಅವರು ಕೈಮುಗಿದರು. ತೋಟದಿಂದ ಎಳನೀರು ಕೆತ್ತಿಸಿ ಕೊಟ್ಟರು. ಮೂವತ್ತು ವರ್ಷ ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದ ನನಗೆ ಆ ಎಳನೀರು ಗಂಟಲಲ್ಲಿ ಇಳಿಯಲಿಲ್ಲ.

"ನಿಮಗೆ ನಡಿಗೆ ಶೋಕಿ. ಪಾವಗಡದ ಹೆಂಗಸರು ಫ್ಲೋರೈಡ್ ಇಲ್ಲದ ಒಂದು ಕೊಡ ನೀರಿಗೆ ನಡೆದು ಸವೆದಿದ್ದಾರೆ" ಎಂದು ಸ್ಟಾಫ್ ರೂಮಿನಲ್ಲಿ ಒಬ್ಬರು ಹಂಗಿಸಿದರು. ಸವೆದದ್ದು ನಿಜ. ಹಾಗೆ ಸವೆದ ಕಾಲಿಗೆ ಕೊಡವಿಲ್ಲದೆ ನಡೆಯುವ ಹಕ್ಕು ನನಗಿಂತ ಮೊದಲು ಸಲ್ಲಬೇಕಲ್ಲವೆ? ಇದನ್ನು ಹೇಳಿದ ಮಹಾಶಯರು ದಿನಾ ಸಂಜೆ ಸರ್ಕಲ್ಲಿನಲ್ಲಿ ಎರಡು ಗಂಟೆ ನಿಲ್ಲುತ್ತಾರೆ. ಯಾವ ಹರಕೆ ಎಂದು ಅವರನ್ನು ಯಾರು ಕೇಳಿದ್ದಾರೆ?

ನಾನು ಕೇಳುವುದು ಉದ್ಯಾನವಲ್ಲ, ಕಲ್ಲುಬೆಂಚಲ್ಲ. ಹೊಳೆಯ ಗಡಿ ಅಳೆದು, ಒಳಗೆ ಇಳಿದ ಬೇಲಿ ಕಿತ್ತು, ಜಾಲಿ ಕಡಿದು, ಇಬ್ಬರು ಹೆಂಗಸರು ಮಾತಾಡುತ್ತ ಜೊತೆಯಾಗಿ ನಡೆಯುವಷ್ಟು ಅಗಲದ ಜಾಗ. ಥೇಮ್ಸ್ ದಡದಲ್ಲಿ ಕುದುರೆಗೆ ಬಿಟ್ಟಷ್ಟು ಸಾಕು.

ಬರುವ ಭಾನುವಾರ ಮತ್ತೆ ಹೊರಟಿದ್ದೇನೆ. ಗೆಳತಿ ಬರುವುದಿಲ್ಲವಂತೆ, ಅವರ ಅತ್ತೆಗೆ ಸುದ್ದಿ ಮುಟ್ಟಿದೆ. ಈ ಸಲ ಯಾರಾದರೂ ಕೇಳಿದರೆ "ಸುಮ್ಮನೆ" ಎನ್ನಬೇಕೆಂದಿದ್ದೇನೆ. ಬಾಯಿಗೆ ಬರುತ್ತದೋ ಇಲ್ಲವೋ.