ಕಫಪರೀಕ್ಷೆಯಲ್ಲಿ ‘ನೆಗೆಟಿವ್’ ಎಂದರೇನು?

ಪರೀಕ್ಷಾಲಯದ ವರದಿಗಳಲ್ಲಿ ‘ನೆಗೆಟಿವ್’ ಎಂಬ ಮಾತಿನಷ್ಟು ಸಮಾಧಾನ ತರುವ ಮಾತು ಮತ್ತೊಂದಿಲ್ಲ. ರೋಗವಿಲ್ಲವೆಂಬುದೇ ಅದರ ಅರ್ಥವೆಂದು ಸಾಮಾನ್ಯ ಜನರ ತಿಳಿವಳಿಕೆ. ಆದರೆ ಕ್ಷಯರೋಗದ ಕಫಪರೀಕ್ಷೆಯಲ್ಲಿ ಈ ಒಂದೇ ಪದಕ್ಕೆ, ಅದು ಬರುವ ಕಾಲವನ್ನನುಸರಿಸಿ, ಮೂರು ಬೇರೆ ಬೇರೆ ಅರ್ಥಗಳುಂಟು. ಒಂದನ್ನು ಇನ್ನೊಂದೆಂದು ಭ್ರಮಿಸಿದರೆ, ಗುಣವಾಗಬಹುದಾದ ರೋಗಿಯೂ ಮತ್ತೆ ಹಾಸಿಗೆ ಹಿಡಿಯಬೇಕಾದೀತು.

ಕ್ಷಯದ ರೋಗಾಣುವನ್ನು ಕಂಡುಹಿಡಿದ ಸಂಗತಿಯನ್ನು ಜರ್ಮನಿಯ ರಾಬರ್ಟ್ ಕಾಖ್ 1882ರ ಮಾರ್ಚ್ 24ರಂದು ಬರ್ಲಿನ್ ನಗರದಲ್ಲಿ ಸಾರಿದನು. ಈ ರೋಗಾಣುವಿನ ಮೈಮೇಲೆ ಮೇಣದಂತಹ ಹೊದಿಕೆಯೊಂದಿದೆ. ಪರೀಕ್ಷೆಯು ನಡೆಯುವುದು ಈ ಹೊದಿಕೆಯ ಬಲದಿಂದಲೇ. ಗಾಜಿನ ಪಟ್ಟಿಯ ಮೇಲೆ ಕಫವನ್ನು ತೆಳುವಾಗಿ ಸವರಿ, ಕೆಂಪು ಬಣ್ಣವನ್ನು ಹಾಕಿ ಬಿಸಿಮಾಡಿ, ಅನಂತರ ಆಮ್ಲದಿಂದ ತೊಳೆಯುತ್ತಾರೆ. ಉಳಿದುವುಗಳ ಬಣ್ಣವೆಲ್ಲ ತೊಳೆದುಹೋದರೂ ಕ್ಷಯದ ರೋಗಾಣು ಮಾತ್ರ ಅದನ್ನು ಬಿಟ್ಟುಕೊಡುವುದಿಲ್ಲ. ಬಳಿಕ ನೀಲಿ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ನೀಲಿಯ ನಡುವೆ ಸಣ್ಣ ಕೆಂಪು ಕಡ್ಡಿಗಳಂತೆ ಅವು ಕಾಣುತ್ತವೆ. ಕಂಡರೆ ‘ಪಾಸಿಟಿವ್’, ಕಾಣದಿದ್ದರೆ ‘ನೆಗೆಟಿವ್’. ‘ಕಾಣಲಿಲ್ಲ’ ಎಂಬುದೇ ಆ ಪದದ ಯಥಾರ್ಥವಾದ ಅರ್ಥ, ‘ಇಲ್ಲ’ ಎಂಬುದಲ್ಲ.

ಮೊದಲನೆಯ ‘ನೆಗೆಟಿವ್’ ರೋಗನಿರ್ಣಯದ ಕಾಲದ್ದು. ಒಂದು ಮಿಲಿಲೀಟರು ಕಫದಲ್ಲಿ ಸುಮಾರು 5,000ದಿಂದ 10,000 ರೋಗಾಣುಗಳಾದರೂ ಇದ್ದ ಹೊರತು ಸೂಕ್ಷ್ಮದರ್ಶಕದಲ್ಲಿ ಅವು ಕಣ್ಣಿಗೆ ಬೀಳುವುದು ದುರ್ಲಭ. ಕಫಕ್ಕೆ ಬದಲಾಗಿ ಬಾಯಿಯ ಎಂಜಲನ್ನು ಕೊಟ್ಟರೆ ಪರೀಕ್ಷೆಯೇ ವ್ಯರ್ಥ. ಬೆಳಗ್ಗೆ ಎದ್ದೊಡನೆ ಬಾಯಿ ಮುಕ್ಕಳಿಸಿ, ಗಾಳಿಯಾಡುವ ಬಯಲಿನಲ್ಲಿ ನಿಂತು, ಎರಡು ಮೂರು ಬಾರಿ ದೀರ್ಘವಾಗಿ ಉಸಿರೆಳೆದು, ಎದೆಯಾಳದಿಂದ ಕೆಮ್ಮಿ ತೆಗೆದ ಕಫವೇ ಪರೀಕ್ಷೆಗೆ ತಕ್ಕುದು. ಚಿಕ್ಕ ಮಕ್ಕಳು ಕಫವನ್ನು ಉಗುಳದೆ ನುಂಗಿಬಿಡುತ್ತಾರೆ. ಕುತ್ತಿಗೆಯ ಗ್ರಂಥಿಗಳಿಗೋ ಬೆನ್ನುಮೂಳೆಗೋ ಮಾತ್ರ ಕ್ಷಯ ತಗಲಿದ್ದರೆ ಕಫದಲ್ಲಿ ರೋಗಾಣುವಿನ ಸುಳಿವೇ ಸಿಕ್ಕದಿರಬಹುದು.

ಆದುದರಿಂದ ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ರಾತ್ರಿಯ ಬೆವರು, ತೂಕದ ಇಳಿತ, ಕಫದಲ್ಲಿ ರಕ್ತ, ಇವು ಇರುವಾಗ ಒಂದು ‘ನೆಗೆಟಿವ್’ ವರದಿಯಿಂದ ತೃಪ್ತರಾಗಿ ಮನೆಗೆ ಹಿಂದಿರುಗಬಾರದು. ಎದೆಯ ಎಕ್ಸ್-ರೇ ಚಿತ್ರವುಂಟು. ರೋಗಾಣುವಿನ ವಂಶವಾಹಿಯನ್ನೇ ಗುರುತಿಸುವ ಯಂತ್ರಗಳೂ ಈಗ ಬಂದಿವೆ. ಸೂಕ್ಷ್ಮದರ್ಶಕಕ್ಕೆ ಕಾಣದಷ್ಟು ವಿರಳವಾದ ರೋಗಾಣುಗಳನ್ನೂ ಇವು ಕೆಲವೇ ಗಂಟೆಗಳಲ್ಲಿ ಪತ್ತೆಹಚ್ಚಬಲ್ಲುವು. ರಿಫಾಂಪಿಸಿನ್ ಎಂಬ ಮುಖ್ಯ ಔಷಧಿಗೆ ಅವು ಬಗ್ಗುವುವೋ ಇಲ್ಲವೋ ಎಂಬುದನ್ನೂ ತಿಳಿಸಬಲ್ಲುವು.

ಎರಡನೆಯ ‘ನೆಗೆಟಿವ್’ ಹೆಚ್ಚು ಮೋಸಕರವಾದುದು. ಸಾಮಾನ್ಯ ಕ್ಷಯಕ್ಕೆ ಮೊದಲ ಎರಡು ತಿಂಗಳು ನಾಲ್ಕು ಔಷಧಿಗಳನ್ನೂ, ಮುಂದಿನ ನಾಲ್ಕು ತಿಂಗಳು ಮೂರು ಔಷಧಿಗಳನ್ನೂ ಕೊಡುವುದು ನಮ್ಮ ದೇಶದ ಕ್ರಮ. ಮೊದಲ ಕೆಲವು ವಾರಗಳಲ್ಲೇ ಜ್ವರ ಇಳಿಯುತ್ತದೆ, ಹಸಿವು ಮರಳುತ್ತದೆ, ಕೆನ್ನೆ ತುಂಬಿಕೊಳ್ಳುತ್ತದೆ. ಎರಡು ತಿಂಗಳಿಗೆ ಮತ್ತೆ ಕಫವನ್ನು ನೋಡಿದಾಗ ಬಹುಮಂದಿಯಲ್ಲಿ ರೋಗಾಣು ಕಾಣುವುದಿಲ್ಲ. ಈ ಹಂತದಲ್ಲಿ ವಂಶವಾಹಿಯ ಯಂತ್ರ ಉಪಯೋಗಕ್ಕೆ ಬಾರದು. ಸತ್ತ ರೋಗಾಣುವಿನ ಅವಶೇಷವನ್ನೂ ಅದು ‘ಇದೆ’ ಎಂದೇ ಹೇಳೀತು.

ಇನ್ನು ಔಷಧಿಯೇಕೆ ಎಂಬ ಪ್ರಶ್ನೆ ಏಳುವುದು ಇಲ್ಲಿಯೇ. ಚುರುಕಾಗಿ ವೃದ್ಧಿಯಾಗುತ್ತಿದ್ದ ರೋಗಾಣುಗಳು ಬೇಗ ಸಾಯುತ್ತವೆ. ಜಡವಾಗಿ ಅವಿತಿರುವ ಕೆಲವು ಬೂದಿ ಮುಚ್ಚಿದ ಕೆಂಡದಂತೆ ಉಳಿದಿರುತ್ತವೆ. ಉಳಿದ ನಾಲ್ಕು ತಿಂಗಳ ಔಷಧಿ ಇವುಗಳಿಗಾಗಿಯೇ. ನಡುವೆ ನಿಲ್ಲಿಸಿದರೆ ರೋಗ ಮರುಕಳಿಸಬಹುದು. ಔಷಧಿಯನ್ನು ಬಿಟ್ಟು ಬಿಟ್ಟು ಸೇವಿಸಿದರಂತೂ, ಅದಕ್ಕೆ ಬಗ್ಗದ ರೋಗಾಣುಗಳು ಬಲಿತು, ಚಿಕಿತ್ಸೆ ಹೆಚ್ಚು ದೀರ್ಘವೂ ಕಠಿಣವೂ ಆಗುವ ಅಪಾಯವಿದೆ.

ಮೂರನೆಯದು, ಕ್ರಮ ತಪ್ಪದೆ ಚಿಕಿತ್ಸೆ ಮುಗಿಸಿದವರಿಗೆ ಕೊನೆಯಲ್ಲಿ ದೊರೆಯುವ ‘ನೆಗೆಟಿವ್’. ‘ಗುಣವಾಯಿತು’ ಎಂಬ ಮಾತಿಗೆ ಆಧಾರವಾಗಬಲ್ಲದ್ದು ಇದೊಂದೇ. ಇದನ್ನು ಪಡೆಯಲು ಸ್ಯಾನಟೋರಿಯಮ್ಮಿನ ವಾಸ ಅನಿವಾರ್ಯವಲ್ಲವೆಂಬುದು ಮದರಾಸಿನಲ್ಲಿ ನಡೆದು 1959ರಲ್ಲಿ ಪ್ರಕಟವಾದ ಪ್ರಸಿದ್ಧ ಅಧ್ಯಯನದಿಂದ ಸಿದ್ಧವಾಯಿತು. ಇಕ್ಕಟ್ಟಾದ ಬಡಮನೆಗಳಲ್ಲಿದ್ದುಕೊಂಡೇ ಔಷಧಿ ಸೇವಿಸಿದವರೂ ಸ್ಯಾನಟೋರಿಯಮ್ಮಿನವರ ಹಾಗೆಯೇ ಚೇತರಿಸಿಕೊಂಡರು.

ಔಷಧಿ ಸೇವಿಸುವಾಗ ಮೂತ್ರ ಕಿತ್ತಳೆಯ ಬಣ್ಣಕ್ಕೆ ತಿರುಗಿದರೆ ಹೆದರಬೇಕಾಗಿಲ್ಲ. ಅದು ರಿಫಾಂಪಿಸಿನ್ನಿನ ಬಣ್ಣ. ಆದರೆ ಕಣ್ಣು ಹಳದಿಯಾದರೆ, ಎಡೆಬಿಡದೆ ವಾಂತಿಯಾದರೆ, ದೃಷ್ಟಿ ಮಂಕಾದರೆ, ತಡಮಾಡದೆ ವೈದ್ಯರನ್ನು ಕಾಣತಕ್ಕದ್ದು. ತಾನೇ ತೀರ್ಮಾನಿಸಿ ಚಿಕಿತ್ಸೆಗೆ ವಿದಾಯ ಹೇಳತಕ್ಕದ್ದಲ್ಲ. ಸರಕಾರಿ ಆಸ್ಪತ್ರೆಗಳಲ್ಲಿ ಈ ಪರೀಕ್ಷೆಯೂ ಔಷಧಿಯೂ ಉಚಿತ. ವರದಿಯಲ್ಲಿ ‘ನೆಗೆಟಿವ್’ ಎಂದು ಕಂಡಾಗ ಮನೆಯವರು ವೈದ್ಯರಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: “ಇದು ಮೂರರಲ್ಲಿ ಯಾವುದು?”