ಅನಾಮಿಕ ಬೆರಳಿಗೆ ಕೆಲಸ ಕೊಟ್ಟಾಗ

ಕಳೆದ ಸೆಮಿಸ್ಟರ್‌ನಲ್ಲಿ ಪ್ಲೇಸ್‌ಮೆಂಟ್ ತಯಾರಿ ಎಂದು ನಮ್ಮ ಕಾಲೇಜಿನಲ್ಲಿ ಒಂದು ಅಣಕು ಪರೀಕ್ಷೆ ಇಟ್ಟಿದ್ದರು. ಲಿಂಕ್ಡ್ ಲಿಸ್ಟ್ ಅನ್ನು ಹಿಂದುಮುಂದು ಮಾಡುವ ಪ್ರೋಗ್ರಾಂ ಬರೆಯಬೇಕಿತ್ತು. ಮೂರನೇ ಸೆಮಿಸ್ಟರ್ ಪರೀಕ್ಷೆಯಲ್ಲಿ ಇದೇ ಪ್ರಶ್ನೆ ಬಂದಿತ್ತು, ನಾನು ಪೂರ್ತಿ ಅಂಕ ತೆಗೆದಿದ್ದೆ. ಹಾಗಾಗಿ ಖುಷಿಯಿಂದಲೇ ಕೀಬೋರ್ಡ್ ಮುಂದೆ ಕೂತೆ. 40 ನಿಮಿಷ ಕಳೆದಾಗ ನನ್ನ ಪರದೆಯ ಮೇಲೆ ಇದ್ದದ್ದು ಆರು ಸಾಲು. ಅದರಲ್ಲಿ ಮೂರು ಸಾಲು ಎಲ್ಲ ಪ್ರೋಗ್ರಾಂಗೂ ಬರೆಯುವಂಥವು.

ಪಕ್ಕದಲ್ಲಿದ್ದವನು ನನ್ನ ಮುಖ ನೋಡಿ ‘ಪಾಸಿಂಗ್ ಪ್ಯಾಕೇಜಾ?’ ಎಂದ. ಬಿಇ ಓದುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುತ್ತೇನೆ. ಹಳೇ ಪ್ರಶ್ನೆಪತ್ರಿಕೆ ನೋಡಿ, ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನಷ್ಟೇ ಆರಿಸಿ, ಸೀನಿಯರ್‌ಗಳು ಮಾಡಿಟ್ಟ ಪಿಡಿಎಫ್ ಅದು. ಹಿಂದಿನ ರಾತ್ರಿ ಅದನ್ನು ಉರು ಹೊಡೆದು ಬೆಳಿಗ್ಗೆ ಕಾರಿಕೊಂಡರೆ ಪಾಸು. ಐದು ಸೆಮಿಸ್ಟರ್ ನಾನು ಹೀಗೇ ದಾಟಿದ್ದೇನೆ. ಅದಕ್ಕೆ ಕಾಲೇಜನ್ನೋ ಮೇಷ್ಟ್ರುಗಳನ್ನೋ ಬೈದರೆ ಸುಳ್ಳಾಗುತ್ತದೆ. ಹೀಗೆ ಓದು ಎಂದು ನನಗೆ ಯಾರೂ ಹೇಳಿರಲಿಲ್ಲ.

ಅವತ್ತು ಸಂಜೆ ಪಿಜಿಗೆ ಬಂದು ಗಿಟಾರ್ ಹಿಡಿದೆ. ಟ್ಯೂಷನ್ ಹೇಳಿ ಉಳಿಸಿದ ದುಡ್ಡಿನಲ್ಲಿ ತಗೊಂಡ ಸೆಕೆಂಡ್ ಹ್ಯಾಂಡ್ ಗಿಟಾರ್ ಅದು. ಎರಡು ವರ್ಷದಿಂದ ನಾಲ್ಕೈದು ಕಾರ್ಡ್ ಹಾಕಿ ಸ್ಟ್ರಮ್ ಮಾಡುತ್ತಾ, ಹಾಸ್ಟೆಲ್ ಡೇಗಳಲ್ಲಿ ಚಪ್ಪಾಳೆ ತಗೊಂಡು ಆರಾಮಾಗಿದ್ದೆ. ಆ ವಾರವಷ್ಟೇ ಹೈಬ್ರಿಡ್ ಪಿಕಿಂಗ್ ಶುರು ಮಾಡಿದ್ದೆ. ಅಲ್ಲೂ ಕೈ ಓಡುತ್ತಿರಲಿಲ್ಲ. ಒಂದೇ ದಿನ ಎರಡು ಕಡೆ ದಡ್ಡಿಯಾದೆ.

ಹೈಬ್ರಿಡ್ ಪಿಕಿಂಗ್ ಎಂದರೆ ಹೆಸರಿಗಷ್ಟೇ ದೊಡ್ಡದು, ವಿಷಯ ಸರಳ. ಗಿಟಾರನ್ನು ಪ್ಲಾಸ್ಟಿಕ್ ಪಿಕ್‌ನಿಂದ ನುಡಿಸುವವರಿದ್ದಾರೆ, ಬರೀ ಬೆರಳಿನಿಂದ ಮೀಟುವವರೂ ಇದ್ದಾರೆ. ಇಲ್ಲಿ ಎರಡೂ ಒಟ್ಟಿಗೆ. ಹೆಬ್ಬೆರಳು, ತೋರುಬೆರಳಿನ ನಡುವೆ ಪಿಕ್ ಹಿಡಿದಿರುತ್ತೀರಿ. ಕೆಲಸವಿಲ್ಲದೆ ಕೂತಿದ್ದ ನಡುಬೆರಳು ಮತ್ತು ಉಂಗುರದ ಬೆರಳು ಉಳಿದ ತಂತಿಗಳನ್ನು ಮೀಟುತ್ತವೆ. ಲಾಭ ಏನು ಅಂತೀರಾ? ಬರೀ ಪಿಕ್ ಇದ್ದರೆ ನಾಲ್ಕನೇ ತಂತಿಯಿಂದ ಎರಡನೇ ತಂತಿಗೆ ಹೋಗಲು ಮಧ್ಯದ ಮೂರನೆಯದನ್ನು ಹಾರಿ ದಾಟಬೇಕು. ವೇಗ ಹೆಚ್ಚಿದಷ್ಟೂ ಆ ಹಾರಾಟದಲ್ಲಿ ಎಡವುವುದು ಹೆಚ್ಚು. ಹೈಬ್ರಿಡ್‌ನಲ್ಲಿ ಹಾರುವ ಮಾತೇ ಇಲ್ಲ, ಎರಡನೇ ತಂತಿಯ ಹತ್ತಿರ ಬೆರಳು ಮೊದಲೇ ಕಾದು ಕೂತಿರುತ್ತದೆ. ಇನ್ನೊಂದು ಲಾಭ, ಕಾರ್ಡಿನ ಸ್ವರಗಳೆಲ್ಲ ಪಿಯಾನೊದಲ್ಲಿ ಹೊಮ್ಮಿದಂತೆ ಒಟ್ಟಿಗೇ ಹೊಮ್ಮುತ್ತವೆ. ಸ್ಟ್ರಮ್ ಮಾಡಿದಾಗ ಅವು ಒಂದರ ಹಿಂದೊಂದು ಬರುತ್ತವೆ, ಕಿವಿಗೆ ಗೊತ್ತಾಗದಷ್ಟು ಬೇಗ ಬರುತ್ತವೆ ಅಷ್ಟೆ.

ಅಮೆರಿಕದ ಕಂಟ್ರಿ ಸಂಗೀತದವರಿಗೆ ಇದು ಮನೆಮಾತು. ಲೂಸಿಯಾನಾದ ಜೇಮ್ಸ್ ಬರ್ಟನ್ 1957ರಲ್ಲಿ ‘ಸೂಸಿ ಕ್ಯೂ’ ಹಾಡಿಗೆ ಗಿಟಾರ್ ನುಡಿಸಿದಾಗ ಇನ್ನೂ ಹದಿಹರೆಯದ ಹುಡುಗ. ಮುಂದೆ ಎಲ್ವಿಸ್ ಪ್ರೀಸ್ಲಿಯ ತಂಡದಲ್ಲಿ ವರ್ಷಗಟ್ಟಲೆ ನುಡಿಸಿದರು. ಅವರು ಕೈಯಲ್ಲಿ ಮಾಮೂಲಿ ಪಿಕ್ ಹಿಡಿದು, ನಡುಬೆರಳಿಗೆ ಇನ್ನೊಂದು ಪಿಕ್ ತೊಡುತ್ತಿದ್ದರು. ಇಂಗ್ಲೆಂಡಿನ ಆಲ್ಬರ್ಟ್ ಲೀ ನುಡಿಸುವುದನ್ನು ನೋಡಿದರಂತೂ ಒಂದು ಕೈಯೊಳಗೆ ಇನ್ನೊಂದು ಕೈ ಅಡಗಿದೆಯೇನೋ ಅನಿಸುತ್ತದೆ. ನಾನು ಇದಕ್ಕೆ ಕೈ ಹಾಕಿದ್ದೇ ಆ ವಿಡಿಯೊ ನೋಡಿ. ನೋಡಿದರೆ ಸುಲಭ ಅನಿಸುವುದೇ ಅದರ ಮೋಸ.

ನಿಜವಾದ ಕಷ್ಟ ಉಂಗುರದ ಬೆರಳಿನದು. ನೀವೂ ಈಗಲೇ ಒಮ್ಮೆ ಮಾಡಿ ನೋಡಿ. ಅಂಗೈಯನ್ನು ಮೇಜಿನ ಮೇಲೆ ಊರಿ, ನಡುಬೆರಳನ್ನು ಮಾತ್ರ ಒಳಗೆ ಮಡಚಿಕೊಳ್ಳಿ. ಈಗ ಒಂದೊಂದೇ ಬೆರಳು ಎತ್ತಿ. ಹೆಬ್ಬೆರಳು ಏಳುತ್ತದೆ, ತೋರುಬೆರಳು ಏಳುತ್ತದೆ, ಕಿರುಬೆರಳೂ ಏಳುತ್ತದೆ. ಉಂಗುರದ ಬೆರಳು ಮಾತ್ರ ಅಂಟು ಹಾಕಿದಂತೆ ಕೂತಿರುತ್ತದೆ. ಕೈಯ ಹಿಂಭಾಗದಲ್ಲಿ ಬೆರಳು ಎತ್ತುವ ಸ್ನಾಯುರಜ್ಜುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡಿರುವುದೇ ಕಾರಣ. ಪಕ್ಕದವನು ಬಗ್ಗಿದರೆ ಇವನಿಗೆ ಏಳಲಾಗದು. ಸಂಸ್ಕೃತದಲ್ಲಿ ಈ ಬೆರಳಿಗೆ ಅನಾಮಿಕಾ ಎನ್ನುತ್ತಾರೆ, ಅಂದರೆ ಹೆಸರಿಲ್ಲದ್ದು. ಉಂಗುರ ಹಾಕಿಸಿಕೊಳ್ಳುವುದು, ಊಟಕ್ಕೆ ನೆರವಾಗುವುದು ಬಿಟ್ಟರೆ ಇಪ್ಪತ್ತು ವರ್ಷ ನಾನು ಅದಕ್ಕೆ ಬೇರೆ ಕೆಲಸವನ್ನೇ ಕೊಟ್ಟಿರಲಿಲ್ಲ. ಈಗ ಇದ್ದಕ್ಕಿದ್ದಂತೆ ಡ್ಯೂಟಿಗೆ ಹಾಕಿದರೆ?

ನನ್ನ ಪಾಠ ಮೂರೇ ಮೂರು ಸದ್ದಿನದು. ನಾಲ್ಕನೇ ತಂತಿಗೆ ಪಿಕ್, ಮೂರನೆಯದಕ್ಕೆ ನಡುಬೆರಳು, ಎರಡನೆಯದಕ್ಕೆ ಉಂಗುರದ ಬೆರಳು. ಮೆಟ್ರೊನೋಮ್ ನಿಮಿಷಕ್ಕೆ 50. ಎಡಗೈಗೆ ರಜೆ. ಮೊದಲ ದಿನ ಪಿಕ್ ‘ಠಣ್’ ಎಂದಿತು, ನಡುಬೆರಳು ‘ಟಿಂಗ್’ ಎಂದಿತು, ಮೂರನೆಯದು ಉಸಿರು ಬಿಟ್ಟಂತೆ ಒಂದು ಸದ್ದು ಮಾಡಿತು. ಜೋರಾಗಿ ಮೀಟಲು ಹೋದರೆ ತಂತಿಯನ್ನು ಕೊಕ್ಕೆ ಹಾಕಿ ಎಳೆದಂತಾಗಿ ‘ಫಟ್’ ಎಂದು ಫ್ರೆಟ್‌ಗೆ ಬಡಿಯುತ್ತಿತ್ತು. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದೆ. ಮೂರು ಜನ ಜಗಳವಾಡಿಕೊಂಡು ನಡೆಯುತ್ತಿರುವಂತಿತ್ತು.

ಹಳೇ ಅಭ್ಯಾಸದಂತೆ ಭಾನುವಾರ ಪೂರ್ತಿ ಕೂತು ಮುಗಿಸಿಬಿಡೋಣ ಎಂದುಕೊಂಡೆ. ಪಾಸಿಂಗ್ ಪ್ಯಾಕೇಜ್ ಬುದ್ಧಿ! ನಾಲ್ಕು ಗಂಟೆ ನುಡಿಸಿದೆ. ಸೋಮವಾರ ಬೆಳಿಗ್ಗೆ ಲ್ಯಾಬ್‌ನಲ್ಲಿ ಮೌಸ್ ಹಿಡಿಯಲೂ ಮಣಿಕಟ್ಟು ಒಪ್ಪಲಿಲ್ಲ, ಮೂರು ದಿನ ಗಿಟಾರ್ ಮುಟ್ಟಲಿಲ್ಲ. ಮತ್ತೆ ಹಿಡಿದಾಗ ಬೆರಳು ಶನಿವಾರ ಎಲ್ಲಿತ್ತೋ ಅಲ್ಲೇ ಇತ್ತು. ರಾತ್ರಿ ಉರು ಹೊಡೆದದ್ದನ್ನು ಬೆಳಗಿನವರೆಗೆ ತಲೆ ಹೇಗೋ ಹಿಡಿದಿಟ್ಟುಕೊಳ್ಳುತ್ತದೆ. ಕೈ ಆ ಉಪಕಾರ ಮಾಡುವುದಿಲ್ಲ.

ಇನ್ನು ಉಗುರಿನ ಕತೆ. ಬೆರಳ ತುದಿಯಷ್ಟೇ ತಾಗಿದರೆ ಸದ್ದು ಮೆತ್ತಗೆ, ಪಿಕ್‌ನ ಸದ್ದಿನ ಮುಂದೆ ಕೇಳಿಸುವುದಿಲ್ಲ. ತುಸು ಉಗುರು ಸೇರಿದರೆ ಸಮ ಆಗುತ್ತದೆ. ಹಾಗಾಗಿ ಬಲಗೈಯ ಎರಡು ಬೆರಳಿಗೆ ಮಾತ್ರ ಉಗುರು ಬಿಟ್ಟೆ. ಎಡಗೈಗೆ ಬಿಡುವಂತಿಲ್ಲ, ತಂತಿ ಒತ್ತಲು ಅಡ್ಡ ಬರುತ್ತದೆ. ಊರಿಗೆ ಹೋದಾಗ ಊಟಕ್ಕೆ ಕೂತೆ. ಮುದ್ದೆ ಮುರಿಯುವ ಕೈ ನೋಡಿ ಅಮ್ಮ, ‘ಬೆಳೆಸಿದ್ರೆ ಎರಡೂ ಕೈ ಬೆಳೆಸು, ಇಲ್ಲಾಂದ್ರೆ ಎಲ್ಲಾ ಕತ್ತರಿಸು. ಇದೇನೇ ಇದು, ಎರಡೇ ಎರಡು? ಅದೂ ಉಣ್ಣೋ ಕೈಲಿ!’ ಎಂದಳು. ಅವಳ ಮಾತಲ್ಲಿ ತಪ್ಪೇನಿಲ್ಲ. ಸಾರು ಅನ್ನ ಕಲಸುವ ಕೈಗೂ ಈ ವಿದ್ಯೆಗೂ ಅಷ್ಟಾಗಿ ಆಗಿಬರುವುದಿಲ್ಲ.

ನಮ್ಮದು ತಿಪಟೂರು. ಅಪ್ಪ ಟೈಲರ್. ಗಿಟಾರ್ ಮನೆಗೆ ತಂದ ದಿನವೇ ‘ಇದನ್ನ ನೋಡಿ ಕಂಪನಿಯವರು ಕೆಲಸ ಕೊಡ್ತಾರೇನಮ್ಮಾ?’ ಎಂದು ಕೇಳಿದ್ದರು. ಕೋಪದಿಂದಲ್ಲ, ಲೆಕ್ಕ ಕೇಳುವವರಂತೆ. ನನ್ನ ಹತ್ತಿರ ಉತ್ತರ ಇರಲಿಲ್ಲ. ಈ ಸಲದ ರಜೆಯಲ್ಲಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಅದೇ ಮೂರು ಸದ್ದು ನುಡಿಸುತ್ತಿದ್ದೆ. ಕತ್ತರಿ ಸದ್ದು ನಿಂತಿತು. ಅಪ್ಪ ಬಾಗಿಲಿಗೆ ಬಂದರು.

‘ಗಂಟೆಯಿಂದ ಅದನ್ನೇ ಬಾರಿಸ್ತಿದೀಯಲ್ಲ, ಹಾಡು ಬರಲ್ವಾ?’

‘ಹಾಡು ಬರುತ್ತಪ್ಪ. ಈ ಬೆರಳು ಬರಲ್ಲ.’

ಅವರು ನನ್ನ ಕೈಯನ್ನೇ ಸ್ವಲ್ಪ ಹೊತ್ತು ನೋಡಿದರು. ‘ಮಣಿಕಟ್ಟು ಬಿಗಿ ಹಿಡಿದಿದೀಯ. ಸೂಜಿ ಹಿಡಿಯೋಕೆ ಶುರು ಮಾಡಿದಾಗ ನಾನೂ ಹಂಗೇ ಹಿಡೀತಿದ್ದೆ. ಸಂಜೆ ಹೊತ್ತಿಗೆ ಕೈ ಸೇದೋದು. ಮಾಸ್ತರು ಒಂದೂವರೆ ವರ್ಷ ಬರೀ ಕಾಜಾ ಹಾಕಿಸಿದ್ರು, ಕತ್ತರಿ ಮುಟ್ಟೋಕೆ ಬಿಟ್ಟಿರಲಿಲ್ಲ’ ಎಂದು ಹೇಳಿ ಹೋದರು.

ಅಪ್ಪನಿಗೆ ಗಿಟಾರಿನ ತಂತಿ ಎಷ್ಟು ಅಂತಲೂ ಗೊತ್ತಿಲ್ಲ. ಆದರೆ ನಾಲ್ಕು ತಿಂಗಳಲ್ಲಿ ನಾನು ನೋಡಿದ ಯಾವ ವಿಡಿಯೊದಲ್ಲೂ ನನ್ನ ಮಣಿಕಟ್ಟಿನ ತಪ್ಪು ನನಗೆ ಕಂಡಿರಲಿಲ್ಲ. ಅವತ್ತು ಕೈ ಸಡಿಲ ಬಿಟ್ಟು, ಬೆರಳನ್ನು ಬುಡದ ಗೆಣ್ಣಿನಿಂದ ಅಂಗೈ ಕಡೆಗೆ ಚೂರೇ ಚೂರು ಆಡಿಸಿದೆ. ಮೂರನೇ ಸದ್ದು ಮೊದಲ ಸಲ ಸ್ವರದಂತೆ ಕೇಳಿಸಿತು. ಒಂದೂವರೆ ವರ್ಷ ಕಾಜಾ! ನಮ್ಮ ಪೀಳಿಗೆಗೆ ಇದನ್ನು ಹೇಳಿದರೆ ಶೋಷಣೆ ಅನ್ನುತ್ತೇವೆ. ಅದರಲ್ಲಿ ಸ್ವಲ್ಪ ನಿಜವೂ ಇರಬಹುದು, ಬಿಟ್ಟಿ ಕೂಲಿಯ ಆಳು ಬೇಕಾಗಿದ್ದವರು ಎಲ್ಲ ಕಾಲದಲ್ಲೂ ಇದ್ದರು. ಆದರೂ ಇವತ್ತಿಗೂ ಅಪ್ಪ ಟಿ.ವಿ. ನೋಡುತ್ತಾ ಹಾಕುವ ಕಾಜಾದ ಹೊಲಿಗೆ ಒಂದಿಷ್ಟೂ ಆಚೀಚೆ ಆಗುವುದಿಲ್ಲ. ನಾನು ಮೂರನೇ ಸೆಮಿಸ್ಟರ್‌ನಲ್ಲಿ ಬರೆದ ಲಿಂಕ್ಡ್ ಲಿಸ್ಟ್ ಎರಡು ವರ್ಷ ಕೂಡ ಬಾಳಲಿಲ್ಲ.

ಮೈಸೂರಿನಲ್ಲಿ ನಮ್ಮ ಪಿಜಿಯ ಕೆಳಗಿನ ಮನೆಯಲ್ಲಿ ವೀಣೆ ನುಡಿಸುವ ಅಜ್ಜಿಯೊಬ್ಬರಿದ್ದಾರೆ. ಮಹಡಿಯಿಂದ ದಿನಾ ಕೇಳುವ ಈ ‘ಟಿಂಗ್ ಟಿಂಗ್’ ಏನೆಂದು ಒಮ್ಮೆ ಕರೆದು ವಿಚಾರಿಸಿದರು. ತೋರಿಸಿದೆ. ಅವರು ನಕ್ಕು ತಮ್ಮ ವೀಣೆ ತೋರಿಸಿದರು. ಏಳು ತಂತಿ. ಸ್ವರ ನುಡಿಸುವ ನಾಲ್ಕನ್ನು ತೋರುಬೆರಳು, ನಡುಬೆರಳು ಮೀಟುತ್ತವೆ. ಪಕ್ಕದಲ್ಲಿರುವ ಮೂರು ತಾಳದ ತಂತಿಗಳು ಕಿರುಬೆರಳಿನ ಪಾಲು. ‘ಈ ಕಿರುಬೆರಳು ತಾನಾಗೇ ಬೀಳೋದಕ್ಕೆ ಎಷ್ಟು ದಿನ ತಗೊಂಡೆ ಗೊತ್ತೇನಮ್ಮ? ನಮ್ಮ ಮೇಷ್ಟ್ರು ಬೈದೂ ಬೈದೂ ಸುಸ್ತಾಗಿದ್ರು’ ಎಂದರು. ಎಲ್ಲೋ ಅಮೆರಿಕದ ವಿದ್ಯೆ ಕಲಿಯುತ್ತಿದ್ದೇನೆ ಎಂಬ ನನ್ನ ಜಂಬ ಅಲ್ಲೇ ಇಳಿಯಿತು. ಅವರೇ ಇನ್ನೊಂದು ದಾರಿ ಹೇಳಿಕೊಟ್ಟರು. ಮೂರರ ಲೆಕ್ಕ ಮೆಟ್ರೊನೋಮ್‌ನೊಂದಿಗೆ ತಪ್ಪುತ್ತಿದ್ದರೆ ಬಾಯಲ್ಲಿ ಹೇಳಿಕೋ ಎಂದರು. ತಕಿಟ, ತಕಿಟ, ತಕ. ಮೂರು, ಮೂರು, ಎರಡು, ಒಟ್ಟು ಎಂಟು. ಬ್ಯಾಂಜೊ ನುಡಿಸುವವರ ಎಂಟರ ಸುತ್ತನ್ನೂ ಹೀಗೆಯೇ ಎಣಿಸಬಹುದು. ಅವತ್ತಿನಿಂದ ನನ್ನ ಕಂಟ್ರಿ ಸಂಗೀತ ತಕಿಟದಲ್ಲೇ ನಡೆಯುತ್ತಿದೆ.

ಇದನ್ನೆಲ್ಲ ಗೆಳೆಯನೊಬ್ಬನಿಗೆ ಹೇಳಿದೆ. ಅವನು ಕಾಲೇಜು ಮುಗಿಸಿ ಸಂಜೆ ಹೊತ್ತು ಬೈಕಿನಲ್ಲಿ ಫುಡ್ ಡೆಲಿವರಿ ಮಾಡುತ್ತಾನೆ. ‘ಒಂದು ಬೆರಳಿಗೆ ಪಾಠ ಹೇಳೋಕೆ ನಿನಗೆ ನಾಲ್ಕು ತಿಂಗಳಿದೆ ಕಣೇ. ನನಗೆ ನಿದ್ದೆಗೇ ಟೈಮಿಲ್ಲ. ಪಾಸಿಂಗ್ ಪ್ಯಾಕೇಜ್ ಇಲ್ಲದಿದ್ರೆ ನಾನು ಫಸ್ಟ್ ಇಯರೇ ದಾಟ್ತಿರಲಿಲ್ಲ’ ಎಂದ. ಅವನ ಮಾತು ಚುಚ್ಚಿತು, ಯಾಕೆಂದರೆ ಸರಿಯಾಗಿತ್ತು. ನಿಧಾನವಾಗಿ ಕಲಿಯಲು ಸಮಯ ಸಿಗುವುದೂ ಒಂದು ಆಸ್ತಿಯೇ, ಎಲ್ಲರ ಮನೆಯಲ್ಲಿ ಅದಿಲ್ಲ. ಅವನಿಗೆ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ. ನನ್ನ ತಕರಾರು ಇರುವುದು ನನ್ನಂಥವರ ಬಗ್ಗೆ. ರೀಲ್ಸ್ ನೋಡಲು ದಿನಕ್ಕೆ ಎರಡು ಗಂಟೆ ಇದ್ದರೂ ‘21 ದಿನದಲ್ಲಿ ಪೈಥಾನ್’, ‘ಒಂದೇ ವಾರದಲ್ಲಿ ಇಂಟರ್‌ವ್ಯೂ ಗೆಲ್ಲಿ’ ಎಂಬ ಜಾಹೀರಾತುಗಳಿಗೆ ದುಡ್ಡು ಕಟ್ಟುವವರು ನಾವು. ಆಮೇಲೆ ಸರ್ಟಿಫಿಕೇಟ್ ಅನ್ನು ಲಿಂಕ್ಡ್‌ಇನ್‌ಗೆ ಹಾಕಿ, ಕಲಿತೆವು ಅಂತ ನಾವೇ ನಂಬುತ್ತೇವೆ. ನನ್ನ ಹತ್ತಿರವೂ ಅಂಥ ನಾಲ್ಕು ಸರ್ಟಿಫಿಕೇಟ್ ಇವೆ. ಅಣಕು ಪರೀಕ್ಷೆಯ ಆ 40 ನಿಮಿಷದಲ್ಲಿ ಒಂದೂ ನೆರವಿಗೆ ಬರಲಿಲ್ಲ.

ಗೆಳೆಯನ ಮಾತಿನಿಂದ ಒಂದು ಉಪಯೋಗವಾಯಿತು. ನನ್ನ ಅಭ್ಯಾಸವನ್ನು 15 ನಿಮಿಷಕ್ಕೆ ಇಳಿಸಿದೆ. ಅಲಾರಂ ಹೊಡೆದರೆ ಚೆನ್ನಾಗಿ ಬರುತ್ತಿದ್ದರೂ ನಿಲ್ಲಿಸುವುದು. ವಿಚಿತ್ರ ಅಂದರೆ ಭಾನುವಾರದ ನಾಲ್ಕು ಗಂಟೆಯಲ್ಲಿ ಅಲ್ಲಾಡದ ಬೆರಳು ದಿನದ 15 ನಿಮಿಷಕ್ಕೆ ಬಗ್ಗಿತು. ಕೆಲವು ಸಲ ರಾತ್ರಿ ಬಾರದಿದ್ದದ್ದು ಮಾರನೆ ದಿನ ತಾನಾಗಿ ಬಂದಿರುತ್ತದೆ, ನಾನು ಮಲಗಿದ್ದಾಗ ಬೆರಳು ಒಬ್ಬಳೇ ಕೂತು ನುಡಿಸಿತೇನೋ ಎಂಬಂತೆ. ನಾಲ್ಕು ದಿನ ಬಿಟ್ಟರೆ ಅಷ್ಟೇ ನಿಷ್ಠೆಯಿಂದ ಮರೆಯುತ್ತದೆ ಕೂಡ.

ಅದೇ ಲೆಕ್ಕವನ್ನು ಈಗ ಲಿಂಕ್ಡ್ ಲಿಸ್ಟ್‌ಗೂ ಹಾಕಿದ್ದೇನೆ. ಗಿಟಾರ್ ಮುಟ್ಟುವ ಮುಂಚೆ 15 ನಿಮಿಷ, ಪುಸ್ತಕ ಮುಚ್ಚಿಟ್ಟು, ಖಾಲಿ ಹಾಳೆಯ ಮೇಲೆ ಒಂದು ಪ್ರೋಗ್ರಾಂ. ಮೊದಲ ವಾರ ಬಾಣದ ಗುರುತುಗಳನ್ನು ಹಾಕಿಕೊಂಡು, ಯಾವ ಪಾಯಿಂಟರ್ ಯಾವ ಕಡೆ ತಿರುಗುತ್ತದೆ ಎಂದು ಬೆರಳಿಟ್ಟು ನೋಡಿಕೊಂಡೇ ಬರೆದೆ. ಎರಡನೇ ವಾರದಲ್ಲಿ ಒಂದು ದಿನ ತಪ್ಪಿಲ್ಲದೆ ಓಡಿತು, ಮಾರನೆ ದಿನ ಮತ್ತೆ ತಪ್ಪಿತು. ತಪ್ಪಿದ್ದು ಎಲ್ಲಿ ಅಂತ ಗೊತ್ತಾಗಿದ್ದಕ್ಕೆ, ನಿಜ ಹೇಳಬೇಕೆಂದರೆ, ಪೂರ್ತಿ ಅಂಕ ಬಂದಾಗಿಗಿಂತ ಖುಷಿಯಾಯಿತು. ಕೆಲಸ ಸಿಗುತ್ತದೋ ಇಲ್ಲವೋ ಗೊತ್ತಿಲ್ಲ. ಗಿಟಾರ್ ಕಲಿತರೆ ಕೆಲಸ ಸಿಗುತ್ತದೆ ಎಂದು ನಾನು ಹೇಳುತ್ತಿಲ್ಲ, ದಯವಿಟ್ಟು ಅಪ್ಪನಿಗೆ ಹಾಗೆ ಯಾರೂ ಹೇಳಬೇಡಿ.

ಮುಂದಿನ ತಿಂಗಳು ನಿಜವಾದ ಆನ್‌ಲೈನ್ ಟೆಸ್ಟ್ ಇದೆ. ಮೆಟ್ರೊನೋಮ್ ಸದ್ಯ 84ರಲ್ಲಿದೆ, ಸಿ ಕಾರ್ಡ್ ಹಿಡಿದು ಐದನೇ ತಂತಿಗೆ ಪಿಕ್, ಮೂರು ಮತ್ತು ಎರಡಕ್ಕೆ ಬೆರಳು, ತಕಿಟ ತಕಿಟ ತಕ. ಮೊನ್ನೆ ಮೆಸ್‌ನಲ್ಲಿ ತಟ್ಟೆ ತೊಳೆಯುವಾಗ ಉಂಗುರದ ಬೆರಳಿನ ಉಗುರು ಮುರಿಯಿತು. ಅಮ್ಮನಿಗೆ ಫೋನ್ ಮಾಡಿ ಹೇಳಿದೆ. ‘ಒಳ್ಳೇದಾಯ್ತು, ಇನ್ನೊಂದನ್ನೂ ಕತ್ತರಿಸು’ ಎಂದಳು.