ಒಂದೂವರೆ ಇಂಚಿನ ಶಿಸ್ತು

ಪಿಎಚ್.ಡಿ. ಪ್ರಬಂಧ ಸಲ್ಲಿಸಲು ಹೋದ ದಿನ ಕಚೇರಿಯಲ್ಲಿ ನನ್ನ ವಾದವೇನೆಂದು ಯಾರೂ ಕೇಳಲಿಲ್ಲ. ಮೇಜಿನಾಚೆ ಕೂತವರು ಸ್ಕೇಲು ತೆಗೆದು ಪುಟದ ಎಡ ಅಂಚಿಗೆ ಇಟ್ಟರು. "ಒಂದ ಇಂಚ ಐತಲ್ರಿ ಮೇಡಂ, ಒಂದೂವರಿ ಬೇಕ್ರಿ. ಸಾಲಿಗೆ ಡಬಲ್ ಸ್ಪೇಸ್ ಇಲ್ಲ. ತಿದ್ದಿಕೊಂಡ ಬರ್ರಿ."

ತಿದ್ದಿದೆ. ನಾನು ಬಳಸುವುದು ಲೇಟೆಕ್. ಅಂಚು ಬದಲಿಸಲು ಅದರಲ್ಲಿ ಒಂದು ಸಾಲು ಬರೆದರೆ ಸಾಕು, ಸಾಲಿನ ಅಂತರಕ್ಕೆ ಇನ್ನೊಂದು. ಐದು ನಿಮಿಷದಲ್ಲಿ 210 ಪುಟದ ಪ್ರಬಂಧ 300 ದಾಟಿತು. ನಿಯಮದ ಮಿತಿ 250. ಅಧ್ಯಾಯಗಳಿಗೆ ಕೈ ಹಚ್ಚುವಂತಿರಲಿಲ್ಲ, ಹಾಗಾಗಿ ಅನುಬಂಧ ಹೋಯಿತು. ಅನುಬಂಧದಲ್ಲಿದ್ದದ್ದು ನಮ್ಮೂರು ಕೊರ್ಲಹಳ್ಳಿಯ ಅಜ್ಜಿಯರ ಬಳಿ ಮೂರು ಬೇಸಿಗೆ ಕೂತು ಬರೆದುಕೊಂಡ ಬೀಸುವ ಪದಗಳು. ತ್ರಿಪದಿಗೆ ಪುಟದ ಅಗಲ ಬೇಡ, ಮೂರು ಸಣ್ಣ ಸಾಲು ಸಾಕು. ಆದರೆ ಅಂತರ ದುಪ್ಪಟ್ಟಾದರೆ ಪುಟಗಳು ಉಬ್ಬುತ್ತವೆ. ಉಬ್ಬಿದ್ದೇ ಮೊದಲು ಕತ್ತರಿಗೆ ಸಿಕ್ಕಿತು.

ಅಂಚೇ ಬೇಡವೆಂದು ನಾನು ಹೇಳುತ್ತಿಲ್ಲ. ಹೊಲಿದು ರಟ್ಟು ಕಟ್ಟುವಾಗ ಎಡಗಡೆಯ ಅರ್ಧ ಇಂಚು ಬೆನ್ನಿನೊಳಗೆ ಹೋಗುತ್ತದೆ. ಅಲ್ಲಿ ಜಾಗ ಬಿಡಲೇಬೇಕು. ಲೇಟೆಕ್ ಮೊದಲ ಸಲ ಬಳಸುವವರು ಅದರ ಅಗಲವಾದ ಅಂಚು ನೋಡಿ ಸಿಡುಕುತ್ತಾರೆ, ನಾನೂ ಸಿಡುಕಿದ್ದೆ. ಆಮೇಲೆ ಕಾರಣ ತಿಳಿಯಿತು. ಸಾಲು ಬಹಳ ಉದ್ದವಾದರೆ, ಅದರ ಕೊನೆ ಮುಟ್ಟಿದ ಕಣ್ಣಿಗೆ ಮುಂದಿನ ಸಾಲಿನ ಮೊದಲು ಸಿಗುವುದಿಲ್ಲ. ಅದಕ್ಕೇ ಇಂಗ್ಲಿಷಿನಲ್ಲಿ ಸಾಲಿಗೆ ಸುಮಾರು 66 ಅಕ್ಷರ ಹಿತವೆಂದು ಬಲ್ಲವರು ಹೇಳುತ್ತಾರೆ. ಅಲ್ಲಿ ಅಂಚನ್ನು ನಿರ್ಧರಿಸುವುದು ಓದುವ ಕಣ್ಣು. ನಮ್ಮ ಕಚೇರಿಗಳಲ್ಲಿ ಅದನ್ನು ನಿರ್ಧರಿಸುವುದು ಸ್ಕೇಲು.

ಆ ಸ್ಕೇಲಾದರೂ ಕನ್ನಡಕ್ಕೆಂದು ಮಾಡಿದ್ದಲ್ಲ. ಡಬಲ್ ಸ್ಪೇಸ್ ಟೈಪ್‌ರೈಟರ್ ಕಾಲದ ಪದ್ಧತಿ, ಸಾಲುಗಳ ನಡುವೆ ಪೆನ್ನಿನಿಂದ ತಿದ್ದಲು ಜಾಗ ಬೇಕಿತ್ತು. ಕನ್ನಡ ಫಾಂಟಿನಲ್ಲಿ ಕೆಳಗಿನ ಒತ್ತು, ಮೇಲಿನ ಗುಡಿಸುಗಳಿಗೆಂದು ಸಾಲಿನ ಎತ್ತರ ಮೊದಲೇ ಹೆಚ್ಚಿಟ್ಟಿರುತ್ತಾರೆ. ವರ್ಡ್‌ನಂಥ ತಂತ್ರಾಂಶದಲ್ಲಿ ಡಬಲ್ ಒತ್ತಿದರೆ ಆ ಹೆಚ್ಚಿನ ಎತ್ತರವೇ ದುಪ್ಪಟ್ಟಾಗುತ್ತದೆ. ಅದೇ 12 ಪಾಯಿಂಟು, ಅದೇ ಡಬಲ್. ಆದರೆ ಇಂಗ್ಲಿಷ್ ಪುಟದಲ್ಲಿ ಹಿಡಿಯುವಷ್ಟು ಸಾಲು ಕನ್ನಡ ಪುಟದಲ್ಲಿ ಹಿಡಿಯುವುದಿಲ್ಲ. ಪುಟಮಿತಿ ಮಾತ್ರ ಇಬ್ಬರಿಗೂ ಒಂದೇ.

ಅಗಲದ ಕಥೆಯೂ ಇದೇ. ನಮ್ಮ ಪದಗಳು ಪ್ರತ್ಯಯ ಕೂಡಿಸಿಕೊಂಡು ಬೆಳೆಯುತ್ತವೆ: 'ಬರೆದುಕೊಳ್ಳಬೇಕಾಗಿತ್ತಾದರೂ' ಎಂಬುದು ಒಂದೇ ಪದ. ಸಾಲು ಕಿರಿದಾಗಬೇಕು, ಎರಡೂ ಬದಿ ಸಮ ಇರಬೇಕು, ಪದ ಒಡೆಯಬಾರದು ಎಂದರೆ ಪದಗಳ ನಡುವೆ ಹಲ್ಲು ಬಿದ್ದ ಬಾಯಿಯಂಥ ಸಂದುಗಳು. ಕನ್ನಡ ಪದವನ್ನು ಸಾಲಿನ ಕೊನೆಗೆ ಎಲ್ಲಿ ಒಡೆಯಬೇಕೆಂಬ ನಿಯಮಗಳ ಕಡತ ಲೇಟೆಕ್‌ಗೆ ಇದೆ. ಅದನ್ನು ಬಳಸಲು ನಮ್ಮ ಕೈಪಿಡಿ ಬಿಡುವುದಿಲ್ಲ.

ಕುಮಾರವ್ಯಾಸ ವೀರನಾರಾಯಣನ ಗುಡಿಯಲ್ಲಿ ಕೂತು ಭಾರತ ಬರೆದನೆಂದು ನಂಬುವ ಜಿಲ್ಲೆ ನಮ್ಮದು. ಆ ಕಾಲದ ತಾಳೆಗರಿ ಬರೆಯುವವರೂ ಅಂಚು ಬಿಡುತ್ತಿದ್ದರು. ದಾರ ಪೋಣಿಸುವ ತೂತಿನ ಸುತ್ತ, ಅಕ್ಷರ ಸವೆಯದಂತೆ ಖಾಲಿ ಜಾಗ. ಮುಂದೆ ಗದಗಕ್ಕೆ ಮುದ್ರಣ ಕಾಶಿ ಎಂಬ ಹೆಸರು ಬಂತು. ಮೊಳೆ ಜೋಡಿಸುವ ಕಾಲದಲ್ಲಿ ಸಾಲಿನ ಅಗಲವನ್ನು ಸ್ಟಿಕ್ಕಿನಲ್ಲಿ ಕಟ್ಟಿಕೊಂಡೇ ಕೆಲಸ ಶುರು. ಪುಸ್ತಕದ ಗಾತ್ರ, ಅಕ್ಷರದ ಗಾತ್ರ ಎರಡೂ ನೋಡಿ ಅಳತೆ. ಕಾರಣವಿಲ್ಲದೆ ಖಾಲಿ ಬಿಟ್ಟರೆ ಕಾಗದದ ದುಡ್ಡು ದಂಡ. ಇಂಥ ಜಿಲ್ಲೆಯಿಂದ ಹೋದ ನಾನು, ಕಾರಣ ಕೇಳಿದರೆ "ರೂಲ್ ಐತ್ರಿ" ಅನ್ನಿಸಿಕೊಂಡು ಬಂದೆ.

ಏಕರೂಪತೆ ಬೇಡವೇ ಎಂದು ಕೇಳುವವರಿದ್ದಾರೆ. ಗ್ರಂಥಾಲಯದ ಕಪಾಟಿಗೆ ಏಕರೂಪತೆ ಬೇಕು, ಒಪ್ಪುತ್ತೇನೆ. ಅದಕ್ಕೆ ಕಾಗದದ ಗಾತ್ರ ಮತ್ತು ಬೆನ್ನಿನ ಅಂಚು ಗೊತ್ತುಮಾಡಿದರೆ ಸಾಕು. ಸದ್ಯದ ಲೆಕ್ಕ ನೋಡಿ: ಎ4 ಹಾಳೆಗೆ ಎಡಕ್ಕೆ ಒಂದೂವರೆ, ಉಳಿದ ಮೂರು ಬದಿಗೆ ಒಂದೊಂದು ಇಂಚು ಬಿಟ್ಟರೆ ಬರವಣಿಗೆಗೆ ಉಳಿಯುವುದು ನೂರರಲ್ಲಿ 58 ಪಾಲು. ಅದರೊಳಗೆ ಡಬಲ್ ಸ್ಪೇಸ್. ಹಿಂಬದಿ ಪೂರ್ತಿ ಖಾಲಿ. ಪ್ರತಿ ಹಾಳೆಯ ದುಡ್ಡು ವಿದ್ಯಾರ್ಥಿಯದು.

ಹೋದ ತಿಂಗಳು ಊರಿಗೆ ಪ್ರಬಂಧ ಒಯ್ದಿದ್ದೆ. ಪದ ಹೇಳಿಕೊಟ್ಟ ಅಜ್ಜಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಹಾಳೆ ತಿರುವಿದಳು. ಓದಲು ಬಾರದು. "ನನ್ನ ಪದ ಯಾವ ಹಾಳ್ಯಾಗ ಅದಾವ ಯವ್ವಾ?" ಅಂದಳು. ಜಾಗ ಸಾಲಲಿಲ್ಲ ಆಯಿ, ಅಂದೆ. ಅವಳು ಪುಟದ ಬಿಳಿ ಅಂಚಿನ ಮೇಲೆ ಕೈಯಾಡಿಸಿದಳು. "ಇಷ್ಟ ಜಾಗ ಐತಲ್ಲ."

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ನಿಯಮ ಬರೆಯುವವರು ಕೊಡಲಿ. ಕನ್ನಡ ಪ್ರಬಂಧಕ್ಕೆ ಕನ್ನಡದ ಅಕ್ಷರ ನೋಡಿ ಅಳತೆ ಮಾಡಿ. ಸಾಲಿನ ಅಂತರವನ್ನು ಡಬಲ್ ಎನ್ನದೆ ಪಾಯಿಂಟುಗಳಲ್ಲಿ ಹೇಳಿ. ಹಾಳೆಯ ಎರಡೂ ಬದಿ ಮುದ್ರಿಸಲು ಬಿಡಿ. ಅನುಬಂಧವನ್ನು ಪುಟಮಿತಿಯ ಹೊರಗಿಡಿ. ಅಲ್ಲಿಯವರೆಗೆ ಇದನ್ನು ಶಿಸ್ತು ಅನ್ನಬೇಡಿ.